ಎಂಟನೇ ತರಗತಿ ಎಷ್ಟು ದೂರ?

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಒಂದು ಸಣ್ಣ ಊರಿನವಳು. ಬಿ.ಎ. ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ನಮ್ಮೂರಲ್ಲಿ ಶಾಲೆ ಇರುವುದು 7ನೇ ತರಗತಿವರೆಗೆ, ಹೈಸ್ಕೂಲು 8 ಕಿಲೋಮೀಟರ್ ದೂರ. ನನ್ನ ಜೊತೆ 7ನೇ ತರಗತಿ ಮುಗಿಸಿದ 11 ಹುಡುಗಿಯರಲ್ಲಿ ಮುಂದೆ ಓದಿದವರು ನಾಲ್ವರೇ. ಶಿಕ್ಷಣ ಎಲ್ಲರಿಗೂ ತಲುಪಿದರೆ ದೇಶ ಅಭಿವೃದ್ಧಿಯಾಗುತ್ತದೆ ಎಂದು ದಿನಾ ಓದುತ್ತೇನೆ, ಉತ್ತರ ಪತ್ರಿಕೆಯಲ್ಲಿ ಬರೆಯುತ್ತೇನೆ. ಆದರೆ ನಮ್ಮಪ್ಪ ಕೇಳುತ್ತಾರೆ: "ರೊಕ್ಕ ಇದ್ದ ದೇಶ ಶಾಲಿ ಕಟ್ಟಸ್ತದ, ಖರೆ. ಶಾಲಿ ಕಟ್ಟಿದ್ರ ರೊಕ್ಕ ಬರ್ತದೇನು? ಓದಿದೋರೂ ಖಾಲಿ ಕುಂತಾರಲ್ಲ?" ಅವರಿಗೆ ಏನು ಹೇಳಲಿ? ಈಗ ನಮ್ಮೂರ ಶಾಲೆಯಲ್ಲಿ ಮಕ್ಕಳು ಕಡಿಮೆ, ದೂರದ ದೊಡ್ಡ ಶಾಲೆಗೆ ಸೇರಿಸುತ್ತಾರೆ ಎಂಬ ಮಾತೂ ಎದ್ದಿದೆ. ಅದು ಒಳ್ಳೆಯದೋ ಕೆಟ್ಟದ್ದೋ?

ಉತ್ತರ: ನಿಮ್ಮ ಪತ್ರ ಓದಿ ಮುಗಿಸಿದ ಮೇಲೂ ಮನಸ್ಸು ಆ ಏಳು ಜನರ ಹತ್ತಿರವೇ ನಿಂತಿತ್ತು. ನಾಲ್ವರು ಹೈಸ್ಕೂಲಿಗೆ ಹೋದರು ಎಂದು ಬರೆದಿದ್ದೀರಿ, ಉಳಿದವರ ಬಗ್ಗೆ ಒಂದು ಸಾಲೂ ಇಲ್ಲ. ತಪ್ಪು ನಿಮ್ಮದಲ್ಲ, ನಮ್ಮ ಲೆಕ್ಕ ಪುಸ್ತಕಗಳೂ ಹಾಗೆಯೇ. ಶಿಕ್ಷಕರ ತರಬೇತಿಯ ಕೆಲಸದಲ್ಲಿ ಮೂವತ್ತು ವರ್ಷ ಕಳೆದವಳು ನಾನು. ಅದರಲ್ಲಿ ಬಹಳಷ್ಟು ವರ್ಷ ನಿಮ್ಮ ಕಡೆಯೇ, ಸುರಪುರ, ಶಹಾಪುರ, ದೇವದುರ್ಗದ ಹಳ್ಳಿ ಶಾಲೆಗಳನ್ನು ಸುತ್ತಿದ್ದೇನೆ. ಒಂದು ಶಾಲೆಯಲ್ಲಿ ಹೆಡ್ಮಾಸ್ತರರು ಕಬ್ಬಿಣದ ಬೀರು ತೆಗೆದು ದಾರ ಕಟ್ಟಿದ ಒಂದು ಕಟ್ಟು ತೋರಿಸಿದರು. ಏಳನೇ ತರಗತಿ ಪಾಸಾದ ಮಕ್ಕಳಿಗೆ ಬರೆದಿಟ್ಟ ಟಿ.ಸಿ.ಗಳು. ಯಾರೂ ಬಂದು ಒಯ್ದಿರಲಿಲ್ಲ. ಮೇಲಿನವು ಆ ವರ್ಷದ್ದು, ಕೆಳಗೆ ಹೋದಂತೆ ಕಾಗದ ಹಳದಿ. ಒಂದೊಂದಾಗಿ ಹೆಸರು ಓದಿದೆ. ದೇವಮ್ಮ, ಮಹಾದೇವಿ, ಶರಣಮ್ಮ, ರೇಣುಕಾ. ಹುಡುಗರ ಹೆಸರು ಅಲ್ಲೊಂದು ಇಲ್ಲೊಂದು. ಶಿಕ್ಷಣದ ವಿಸ್ತರಣೆ ಎಂಬ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಆ ಕಟ್ಟು.

ಮೊದಲು ನಿಮ್ಮ ತಂದೆಯವರ ಪ್ರಶ್ನೆ. ಅದು ಬಹಳ ಹಳೆಯ ಪ್ರಶ್ನೆ, ದೊಡ್ಡ ದೊಡ್ಡವರೇ ಅದರ ಮುಂದೆ ತಡವರಿಸಿದ್ದಾರೆ. 1911ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಪ್ರಾಥಮಿಕ ಶಿಕ್ಷಣವನ್ನು ಹಂತಹಂತವಾಗಿ ಕಡ್ಡಾಯ ಮಾಡಬೇಕೆಂದು ಬ್ರಿಟಿಷ್ ಸರ್ಕಾರದ ಶಾಸನ ಸಭೆಯಲ್ಲಿ ಮಸೂದೆ ತಂದರು. ಅದಕ್ಕಿನ್ನೂ ಕಾಲ ಬಂದಿಲ್ಲ, ಜನರೇ ಕೇಳುತ್ತಿಲ್ಲ, ಖರ್ಚು ತೂಗಿಸುವುದು ಹೇಗೆ ಎಂಬ ಮಾತುಗಳ ನಡುವೆ ಮರುವರ್ಷ ಅದು ಬಿದ್ದುಹೋಯಿತು. ಆಗ ಜಗತ್ತಿನ ಅತ್ಯಂತ ಶ್ರೀಮಂತ ಸಾಮ್ರಾಜ್ಯ ಅದು. ಅದೇ ಹೊತ್ತಿಗೆ ಅದರ ಪಕ್ಕದಲ್ಲೇ ಇದ್ದ ಎರಡು ಸಂಸ್ಥಾನಗಳು ಬೇರೆ ದಾರಿ ಹಿಡಿದಿದ್ದವು. ಬರೋಡದ ಸಯಾಜಿರಾವ್ ಗಾಯಕವಾಡರು 1906ರಲ್ಲೇ ತಮ್ಮ ಇಡೀ ರಾಜ್ಯದಲ್ಲಿ ಶಿಕ್ಷಣ ಕಡ್ಡಾಯ ಮಾಡಿದ್ದರು. ನಮ್ಮ ಮೈಸೂರು 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ಮಾಡಿ, ಆಯ್ದ ಕೇಂದ್ರಗಳಲ್ಲಿ ಕಡ್ಡಾಯ ಶಿಕ್ಷಣ ಶುರುಮಾಡಿತು. ವಿಶ್ವೇಶ್ವರಯ್ಯನವರು ದಿವಾನರಾಗಿ ಆಗಿನ್ನೂ ಒಂದು ವರ್ಷ.

ಮೈಸೂರು ಆಗ ಶ್ರೀಮಂತ ರಾಜ್ಯವಾಗಿತ್ತೇ? 1876ರಿಂದ 78ರವರೆಗಿನ ಬರದಲ್ಲಿ ಲಕ್ಷಾಂತರ ಜನ ಸತ್ತ ನೆಲ ಅದು. ಆ ಬರ ಕಂಡವರು 1913ರಲ್ಲಿ ಇನ್ನೂ ಬದುಕಿದ್ದರು. ಖಜಾನೆ ತುಂಬಿದ ಮೇಲೆ ಶಾಲೆ ನೋಡಿದರಾಯಿತು ಎಂದು ಅವರು ಕೂತಿದ್ದರೆ ಇವತ್ತಿಗೂ ಕೂತಿರಬೇಕಿತ್ತು. ವಿಶ್ವೇಶ್ವರಯ್ಯನವರ ಆರು ವರ್ಷಗಳಲ್ಲಿ ಸಂಸ್ಥಾನದ ಶಾಲೆಗಳ ಸಂಖ್ಯೆ ಎರಡು ಪಟ್ಟು ಮೀರಿ ಬೆಳೆಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಬಂತು, ಮರುವರ್ಷ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು. ಬಡ ರಾಜ್ಯವೊಂದು ಶಾಲೆಯ ಖರ್ಚನ್ನು ಬೀಜದ ಖರ್ಚು ಎಂದುಕೊಂಡಿತು. ನಿಮ್ಮ ತಂದೆ ಒಕ್ಕಲುತನ ಮಾಡುವವರಾದರೆ ಈ ಮಾತು ಅವರಿಗೆ ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಮನೆಯಲ್ಲಿ ಎಷ್ಟೇ ಅಡಚಣೆ ಇರಲಿ, ಬಿತ್ತುವ ಬೀಜವನ್ನು ಯಾರೂ ಬೀಸಿ ಉಣ್ಣುವುದಿಲ್ಲ.

ಈಗ ಅದೇ ಹೊತ್ತಿನಲ್ಲಿ ನಿಮ್ಮ ಕಡೆ ಏನಿತ್ತು ನೋಡಿ. ಬೀದರ, ಕಲಬುರಗಿ, ರಾಯಚೂರು ನಿಜಾಮರ ಕೈಯಲ್ಲಿದ್ದವು. ಆಡಳಿತದ ಭಾಷೆ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಬಂದಾಗ ಅಲ್ಲಿನ ಪಾಠವೂ ಉರ್ದುವಿನಲ್ಲೇ. ಒಂದು ಭಾರತೀಯ ಭಾಷೆಯಲ್ಲಿ ವೈದ್ಯ, ವಿಜ್ಞಾನವನ್ನೆಲ್ಲ ಕಲಿಸಲು ಹೊರಟ ಆ ಸಾಹಸವನ್ನು ನಾನು ಗೌರವಿಸುತ್ತೇನೆ. ಆದರೆ ಕನ್ನಡ ಬಿಟ್ಟು ಬೇರೆ ಗೊತ್ತಿಲ್ಲದ ಹಳ್ಳಿಯ ಮಗುವಿಗೆ ಶಾಲೆ ಎಂದರೆ ಅರ್ಥವಾಗದ ಸದ್ದು ತುಂಬಿದ ಕೋಣೆ. ಮೇಲಿನ ತರಗತಿಗಳ ಬಾಗಿಲು ಅದರ ಪಾಲಿಗೆ ಮುಚ್ಚಿಯೇ ಇತ್ತು. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಡಳಿತ ಮುಗಿಯಿತು, 1956ರಲ್ಲಿ ನಾವೆಲ್ಲ ಒಂದೇ ರಾಜ್ಯವಾದೆವು. ಒಂದೇ ರಾಜ್ಯ, ಒಂದೇ ಪಠ್ಯಪುಸ್ತಕ, ಆದರೆ ಓಟ ಶುರುವಾದ ಗೆರೆ ಮಾತ್ರ ಬೇರೆ ಬೇರೆ.

ಕರಾವಳಿಯ ಕಥೆ ಇನ್ನೊಂದು. ಮಂಗಳೂರಿಗೆ ಬಾಸೆಲ್ ಮಿಷನ್ 1834ರಲ್ಲೇ ಬಂತು. ಶಾಲೆ, ಅಚ್ಚುಕೂಟ, ಹಂಚಿನ ಕಾರ್ಖಾನೆ ಒಂದರ ಹಿಂದೊಂದು ಎದ್ದವು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಅಲ್ಲಿಂದಲೇ ಹೊರಟಿತು. ಆ ಶಾಲೆಗಳಿಗೂ ಬಾರದೆ ಹೊರಗುಳಿದ ಮಕ್ಕಳಿಗಾಗಿ 1892ರಲ್ಲಿ ಕುದ್ಮುಲ್ ರಂಗರಾಯರು ಶಾಲೆ ತೆರೆದರು. ದಲಿತ ಮಕ್ಕಳಿಗೆ ಅಕ್ಷರ ಕಲಿಸಿದ್ದಕ್ಕೆ ಅವರ ಸ್ವಂತ ಜಾತಿಯವರೇ ಅವರಿಗೆ ಬಹಿಷ್ಕಾರ ಹಾಕಿದರು. ಅವರಿಗೊಂದು ಆಸೆ ಇತ್ತು, ದಕ್ಷಿಣ ಕನ್ನಡದಲ್ಲಿ ಇಂದಿಗೂ ಜನ ಅದನ್ನು ನೆನೆಯುತ್ತಾರೆ. ತಮ್ಮ ಶಾಲೆಯಲ್ಲಿ ಕಲಿತ ದಲಿತರ ಮಗುವೊಂದು ಮುಂದೆ ದೊಡ್ಡ ಕೆಲಸ ಹಿಡಿದು, ಇದೇ ರಸ್ತೆಯಲ್ಲಿ ಕಾರಿನಲ್ಲಿ ಓಡಾಡಬೇಕು, ಆ ಕಾರೆಬ್ಬಿಸಿದ ಧೂಳು ತಮ್ಮ ತಲೆಗೆ ತಾಗಬೇಕು, ಆಗ ಜನ್ಮ ಸಾರ್ಥಕ ಎಂಬ ಆಸೆ. ರಾಷ್ಟ್ರದ ಅಭಿವೃದ್ಧಿ ಎಂಬ ಪದಕ್ಕೆ ಇಷ್ಟು ಸ್ಪಷ್ಟವಾದ ಚಿತ್ರವನ್ನು ನಾನು ಯಾವ ಯೋಜನಾ ವರದಿಯಲ್ಲೂ ಕಂಡಿಲ್ಲ. ಅದರಲ್ಲಿ ರಸ್ತೆಯಿದೆ, ಉದ್ಯೋಗವಿದೆ, ತಲೆಯೆತ್ತಿ ನಡೆಯುವುದೂ ಇದೆ.

2011ರ ಜನಗಣತಿ ನೋಡಿ. ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88.57, ಯಾದಗಿರಿಯದು ಶೇ. 51.83. ನಿಮ್ಮ ಜಿಲ್ಲೆಯ ಹೆಂಗಸರನ್ನಷ್ಟೇ ಲೆಕ್ಕ ಹಿಡಿದರೆ ಶೇ. 41ರ ಆಸುಪಾಸು. ಯಾರೋ ಬಂದು ನಿಮ್ಮ ಕಡೆಯ ಮಂದಿಗೆ ಓದುವ ಹಂಬಲ ಕಡಿಮೆ ಎಂದರೆ ಈ ಇತಿಹಾಸವನ್ನು ಅವರ ಮುಂದಿಡಿ. ಒಂದು ಕಡೆ 1834ರಲ್ಲಿ ಶುರುವಾದ ಕೆಲಸ ಇನ್ನೊಂದು ಕಡೆ ಸರಿಯಾಗಿ ಶುರುವಾಗಿದ್ದೇ 1948ರ ನಂತರ. ನಡುವಿನ ಆ ನೂರು ವರ್ಷಗಳ ಬೆಲೆಯನ್ನು ನಿಮ್ಮ ಊರಿನ ಆ ಏಳು ಹುಡುಗಿಯರು ಇಂದು ತೆರುತ್ತಿದ್ದಾರೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ತಾಲ್ಲೂಕು ತಾಲ್ಲೂಕಿನ ಲೆಕ್ಕ ತೆಗೆದು, ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅದರಲ್ಲೂ 39 ಅತ್ಯಂತ ಹಿಂದುಳಿದಿವೆ ಎಂದಿತು. ಅದಾಗಿ ಹತ್ತು ವರ್ಷಕ್ಕೆ, ನಿಮ್ಮ ಕಡೆಯ ಜಿಲ್ಲೆಗಳಿಗೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿ ಸಂವಿಧಾನಕ್ಕೆ ಸೇರಿತು. ಹಿಂದುಳಿದಿರುವಿಕೆಗೆ ಕಾರಣ ಚರಿತ್ರೆಯಲ್ಲಿದೆ ಎಂದು ದೇಶವೇ ಒಪ್ಪಿ ಬರೆದುಕೊಟ್ಟ ಕಾಗದ ಅದು.

ಆದರೂ ಶಾಲೆ ಕಟ್ಟಿದ್ದರಿಂದಲೇ ರೊಕ್ಕ ಬಂತು ಎನ್ನಲು ಪುರಾವೆ ಏನು ಎಂದು ನಿಮ್ಮ ತಂದೆ ಬಿಡದೆ ಕೇಳಬಹುದು. ಕೇಳಬೇಕು ಕೂಡ. ಮುಂದುವರಿದ ಊರಿನಲ್ಲಿ ಶಾಲೆಯೂ ಇರುತ್ತದೆ, ನೀರೂ ಇರುತ್ತದೆ, ರಸ್ತೆಯೂ ಇರುತ್ತದೆ. ಯಾವುದರಿಂದ ಯಾವುದು ಬಂತು ಎಂದು ಬಿಡಿಸುವುದು ಸುಲಭವಲ್ಲ. ಅದನ್ನು ಬಿಡಿಸಿ ತೋರಿಸಿದ ಒಂದು ಉದಾಹರಣೆ ಇಂಡೋನೇಷ್ಯಾದಲ್ಲಿದೆ. 1973ರಲ್ಲಿ ತೈಲದ ಬೆಲೆ ಏರಿ ಆ ಸರ್ಕಾರದ ಕೈಗೆ ಹಣ ಬಂತು. 1978ರೊಳಗೆ ಅವರು 61,000ಕ್ಕೂ ಹೆಚ್ಚು ಪ್ರಾಥಮಿಕ ಶಾಲೆ ಕಟ್ಟಿದರು, ಶಾಲೆಯಿಂದ ಹೊರಗುಳಿದ ಮಕ್ಕಳು ಹೆಚ್ಚಿದ್ದ ಕಡೆ ಹೆಚ್ಚು ಶಾಲೆ. ಮುಂದೆ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ 2001ರಲ್ಲಿ ಅದರ ಲೆಕ್ಕ ಬಿಡಿಸಿದರು. ಅವರು ಹೋಲಿಸಿದ್ದು ಒಂದೇ ಊರಿನ ಅಣ್ಣ ತಮ್ಮಂದಿರಂಥವರನ್ನು: ಹೊಸ ಶಾಲೆ ಬರುವ ಹೊತ್ತಿಗೆ ವಯಸ್ಸು ಮೀರಿದ್ದವರು ಒಂದು ಕಡೆ, ಆಗಷ್ಟೇ ಶಾಲೆಯ ವಯಸ್ಸಿಗೆ ಬಂದಿದ್ದವರು ಇನ್ನೊಂದು ಕಡೆ. ಈ ಅಂತರವನ್ನು ಹೆಚ್ಚು ಶಾಲೆ ಬಂದ ಜಿಲ್ಲೆಗೂ ಕಡಿಮೆ ಬಂದ ಜಿಲ್ಲೆಗೂ ತಾಳೆ ಹಾಕಿದರು. ಶಾಲೆ ಹೆಚ್ಚಿದ ಕಡೆ ಕಿರಿಯರು ಹೆಚ್ಚು ವರ್ಷ ಓದಿದ್ದರು, ದೊಡ್ಡವರಾದ ಮೇಲೆ ಹೆಚ್ಚು ಕೂಲಿ ಪಡೆಯುತ್ತಿದ್ದರು. ಒಂದು ವರ್ಷದ ಓದಿಗೆ ಗಳಿಕೆ ಸುಮಾರು ಶೇ. 7ರಿಂದ 10ರಷ್ಟು ಹೆಚ್ಚು. ಅದೇ ಊರು, ಅದೇ ಮಣ್ಣು. ನಡುವೆ ಬಂದದ್ದು ಶಾಲೆ.

ಸಂಬಳದ ಲೆಕ್ಕ ಇಷ್ಟು. ಹುಡುಗಿಯರ ಓದಿನ ಫಲ ಅದಕ್ಕಿಂತ ದೊಡ್ಡದು, ಅದು ಸಂಬಳದ ಚೀಟಿಯಲ್ಲಿ ಕಾಣುವುದಿಲ್ಲ. ಓದಿದ ತಾಯಿಯ ಮಕ್ಕಳು ಎಳವೆಯಲ್ಲೇ ತೀರಿಹೋಗುವುದು ಕಡಿಮೆ. ಲಸಿಕೆ ತಪ್ಪುವುದಿಲ್ಲ, ಮದುವೆ ತಡವಾಗುತ್ತದೆ, ಎರಡು ಹೆರಿಗೆಯ ನಡುವೆ ಮೈ ಸುಧಾರಿಸಿಕೊಳ್ಳಲು ಬಿಡುವು ಸಿಗುತ್ತದೆ. ಎಂಟನೇ ತರಗತಿಗೆ ಹೋಗುತ್ತಿರುವ ಹುಡುಗಿಯ ಮನೆಗೆ ಗಂಡಿನ ಕಡೆಯವರು ಬಂದರೆ "ಇನ್ನೂ ಓದಾಕತ್ತಾಳ್ರಿ" ಎನ್ನಲು ಅವ್ವನಿಗೆ ಒಂದು ನೆವ ಇರುತ್ತದೆ. ಮನೆಯಲ್ಲಿ ಕೂತವಳಿಗೆ ಆ ನೆವವೂ ಇಲ್ಲ. ಇದನ್ನು ನನಗೆ ಹೇಳಿಕೊಟ್ಟದ್ದು ಯಾವ ಅಧ್ಯಯನವೂ ಅಲ್ಲ, ಶಹಾಪುರದ ಕಡೆಯ ಒಬ್ಬ ಅಡುಗೆ ಸಹಾಯಕಿ. ಮೂರು ಹೆಣ್ಣುಮಕ್ಕಳನ್ನೂ ಎಸ್ಸೆಸ್ಸೆಲ್ಸಿ ದಾಟಿಸಿದ್ದರು ಆಕೆ, ಆ ಒಂದೇ ಮಾತಿನ ಬಲದಿಂದ.

ಹಾಗಾದರೆ ನಿಮ್ಮೂರಿನ ಏಳು ಜನ ಎಲ್ಲಿ ಜಾರಿದರು? ಇಲ್ಲಿ ಒಂದು ಸೂಕ್ಷ್ಮವಿದೆ. ನಮ್ಮ ರಾಜ್ಯದಲ್ಲಿ ಮೊದಲಿನಿಂದಲೂ ಹಿರಿಯ ಪ್ರಾಥಮಿಕ ಶಾಲೆ 7ಕ್ಕೆ ಮುಗಿಯುತ್ತದೆ, 8ನೇ ತರಗತಿ ಹೈಸ್ಕೂಲಿನ ಲೆಕ್ಕಕ್ಕೆ. ಆದರೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14 ವರ್ಷದವರೆಗೆ, ಅಂದರೆ 8ನೇ ತರಗತಿ ಮುಗಿಯುವವರೆಗೆ, ಶಿಕ್ಷಣ ಉಚಿತ ಮತ್ತು ಕಡ್ಡಾಯ ಎನ್ನುತ್ತದೆ. ಕಾಯಿದೆ 8ರವರೆಗೆ ಕೈಹಿಡಿಯುತ್ತದೆ, ಊರಿನ ಶಾಲೆ 7ಕ್ಕೇ ಕೈಬಿಡುತ್ತದೆ. ಕೆಲವು ಶಾಲೆಗಳಿಗೆ ಆಮೇಲೆ 8ನೇ ತರಗತಿ ಸೇರಿಸಿದರು, ಬಹಳಷ್ಟು ಕಡೆ ಸೇರಿಸಲಿಲ್ಲ. ಆ ಒಂದು ವರ್ಷದ ಸಂದಿನಲ್ಲಿ ಎಷ್ಟು ಹುಡುಗಿಯರು ಬಿದ್ದಿದ್ದಾರೋ. ಹನ್ನೆರಡು, ಹದಿಮೂರರ ವಯಸ್ಸು ಅದು. ಮಗಳು ಮೈನೆರೆಯುವ ವರ್ಷವೇ ಶಾಲೆ 8 ಕಿಲೋಮೀಟರ್ ಆಚೆ ಸರಿದು ನಿಲ್ಲುತ್ತದೆ.

ದೂರವನ್ನು ನಾವು ಹೆದ್ದಾರಿಯ ಕಲ್ಲಿನ ಲೆಕ್ಕದಲ್ಲಿ ನೋಡುತ್ತೇವೆ, ತಾಯಂದಿರು ಬೇರೆ ಲೆಕ್ಕದಲ್ಲಿ ನೋಡುತ್ತಾರೆ. ದಾರಿಯಲ್ಲಿ ಹಳ್ಳ ಇದೆಯೇ, ಮಳೆಗಾಲದಲ್ಲಿ ತುಂಬುತ್ತದೆಯೇ, ಜೋಳ ಎದೆಯೆತ್ತರ ಬೆಳೆದಾಗ ಆ ಕಾಲುದಾರಿಯಲ್ಲಿ ಮಗಳ ಜೊತೆ ಇನ್ನೆಷ್ಟು ಜನ ಇರುತ್ತಾರೆ, ಬರುವ ದಾರಿಯಲ್ಲಿ ಮದ್ಯದ ಅಂಗಡಿ ಇದೆಯೇ. ಸೈಕಲ್ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಬಿಹಾರದ ಸಾಕ್ಷ್ಯ ಇದೆ. 2006ರಲ್ಲಿ ಅಲ್ಲಿ 9ನೇ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಡುವ ಯೋಜನೆ ಬಂತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ನಡೆಸಿದ ಅಧ್ಯಯನದ ಪ್ರಕಾರ ಹೈಸ್ಕೂಲಿಗೆ ದಾಖಲಾಗುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತು, ಹುಡುಗ ಹುಡುಗಿಯರ ನಡುವಿನ ಅಂತರ ಶೇ. 40ರಷ್ಟು ಇಳಿಯಿತು. ಏರಿಕೆಯೆಲ್ಲ ಹೆಚ್ಚಾಗಿ ಕಂಡದ್ದು ಹೈಸ್ಕೂಲು 3 ಕಿಲೋಮೀಟರಿಗಿಂತ ದೂರ ಇದ್ದ ಊರುಗಳಲ್ಲಿ. ಸೈಕಲ್ಲಿನ ಜೊತೆ ಇನ್ನೊಂದು ಸಂಗತಿ ನಡೆಯಿತು: ಹತ್ತು ಹುಡುಗಿಯರು ಒಟ್ಟಿಗೆ ರಸ್ತೆಗಿಳಿದರು, ರಸ್ತೆ ಅವರದಾಯಿತು. ನಮ್ಮಲ್ಲೂ 2006-07ರಿಂದ 8ನೇ ತರಗತಿಯವರಿಗೆ ಸೈಕಲ್ ಕೊಡುತ್ತಿದ್ದರು. ಕೋವಿಡ್ ಕಾಲದಲ್ಲಿ ಅದು ನಿಂತಿತು. ನಿಲ್ಲಬಾರದಿತ್ತು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ ಉಚಿತವಾಗಿದೆ, ಅದು ದೊಡ್ಡ ಉಪಕಾರ. ಆದರೆ ಬಸ್ಸು ಊರಿಗೆ ಬೆಳಿಗ್ಗೆ 11ಕ್ಕೆ ಬರುವುದಾದರೆ 10ಕ್ಕೆ ಗಂಟೆ ಹೊಡೆಯುವ ಶಾಲೆಗೆ ಅದು ಉಚಿತವಾಗಿಯೂ ತಲುಪಿಸಲಾರದು.

ಹಸಿವಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅಕ್ಷರ ದಾಸೋಹದ ಊಟ ನೀವೇ ಉಂಡಿರುತ್ತೀರಿ. 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಬಿಸಿಯೂಟ ಕೊಡಲೇಬೇಕೆಂದು ಎಲ್ಲ ರಾಜ್ಯಗಳಿಗೂ ಆದೇಶಿಸಿತು. ಕರ್ನಾಟಕ 2002ರಲ್ಲಿ ಮೊದಲು ಒಲೆ ಹೊತ್ತಿಸಿದ್ದು ನಿಮ್ಮ ಕಡೆಯ ಜಿಲ್ಲೆಗಳಲ್ಲೇ. ಅದು ಸರಿಯಾದ ಆಯ್ಕೆ. ಕೊನೆಯವರಿಂದ ಶುರುಮಾಡಿದ ಅಪರೂಪದ ಯೋಜನೆ ಅದು.

ಹೆಚ್ಚು ಹೇಳಬೇಕಾದ್ದು ಗುಳೆಯ ಬಗ್ಗೆ, ಅಂದರೆ ಕೂಲಿ ಹುಡುಕಿ ಕೆಲವು ತಿಂಗಳು ಊರು ಬಿಟ್ಟು ಹೋಗುವುದರ ಬಗ್ಗೆ. ಬೆಂಗಳೂರಿನಲ್ಲಿ ಕೂತು ಯೋಜನೆ ಬರೆಯುವವರಿಗೆ ಇದು ಕಾಣುವುದೇ ಇಲ್ಲ. ಒಮ್ಮೆ ಡಿಸೆಂಬರ್ ತಿಂಗಳಲ್ಲಿ ಒಂದು ಶಾಲೆಯ ಆರನೇ ತರಗತಿಗೆ ಹೋಗಿದ್ದೆ. ಹಾಜರಿ ಪುಸ್ತಕದಲ್ಲಿ 34 ಹೆಸರು, ಎದುರು ಕೂತವರು 15. ಪುಸ್ತಕ ತಿರುವಿದರೆ ಹಲವು ಹೆಸರಿನ ಮುಂದೆ ಪೆನ್ಸಿಲ್ಲಿನಲ್ಲಿ ಸಣ್ಣಗೆ "ಗು" ಎಂದು ಬರೆದಿತ್ತು. ಏನಿದು ಎಂದೆ. "ಗುಳೆ ಮೇಡಂ. ಪೆನ್ನಿನಲ್ಲಿ ಗೈರು ಹಾಕಿದರೆ ಹೆಸರು ಹೊಡೀಬೇಕಾಗ್ತದ. ಯುಗಾದಿಗೆ ಬರ್ತಾರ, ಅದಕ್ಕ ಪೆನ್ಸಿಲ್" ಎಂದರು ಮೇಷ್ಟ್ರು. ಕೆಲವರು ಅಪ್ಪ ಅವ್ವನ ಜೊತೆ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ, ಕೆಲವರು ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು. ಊರಲ್ಲೇ ಉಳಿದವರಲ್ಲೂ ಎಷ್ಟೋ ಜನ ಹತ್ತಿ ಬಿಡಿಸಲು ಹೊಲದಲ್ಲಿ. ಶಾಲೆಯ ಗೇಟಿನ ಹತ್ತಿರ ಒಬ್ಬಳು ಕಂಕುಳಲ್ಲಿ ಕೂಸು ಹೊತ್ತು ನಿಂತು ಒಳಗೆ ನೋಡುತ್ತಿದ್ದಳು. ಒಳಗೆ ಬಾ ಎಂದೆ. "ತಂಗೀನ ಯಾರ್ ನೋಡ್ಬೇಕ್ರಿ?" ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಊರಿನ ಅಂಗನವಾಡಿ ಮಧ್ಯಾಹ್ನದ ಹೊತ್ತಿಗೆ ಬಾಗಿಲು ಹಾಕುತ್ತಿತ್ತು, ಹೊಲದ ಕೆಲಸ ಸಂಜೆಯವರೆಗೆ.

ಅವಳಿಗೆ ಶಾಲೆ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ಕಟ್ಟಡ ಇತ್ತು, ಮೇಷ್ಟ್ರು ಇದ್ದರು, ಪುಸ್ತಕ, ಹಾಲು, ಊಟ ಎಲ್ಲವೂ ಇತ್ತು. ಅವಳನ್ನು ಒಳಗೆ ತರಬೇಕಾದರೆ ತಂಗಿಗೆ ಸಂಜೆಯವರೆಗೂ ತೆರೆದಿರುವ ಕೂಸಿನ ಮನೆ ಬೇಕು. ಗುಳೆ ಹೋಗುವವರ ಮಕ್ಕಳಿಗೆ ಅಜ್ಜಿ ಇಲ್ಲದಿದ್ದರೂ ಉಳಿಯಲು ಊರಲ್ಲೇ ಹಂಗಾಮಿ ವಸತಿ ಬೇಕು, ಬೆಂಗಳೂರಿನ ಕಟ್ಟಡದ ಪಕ್ಕದ ಶೆಡ್ಡಿನ ಹತ್ತಿರ ಟೆಂಟ್ ಶಾಲೆ ಬೇಕು. ಇವೆಲ್ಲ ನಮ್ಮ ರಾಜ್ಯದಲ್ಲಿ ಅಲ್ಲಲ್ಲಿ ನಡೆದಿವೆ, ಚೆನ್ನಾಗಿಯೂ ನಡೆದಿವೆ. ಆದರೆ ಅನುದಾನ ಬಿಡುಗಡೆಯಾಗುವ ಹೊತ್ತಿಗೆ ಸಂಕ್ರಾಂತಿ ಕಳೆದಿರುತ್ತದೆ, ಮಕ್ಕಳು ದಸರೆ ಮುಗಿಯುತ್ತಿದ್ದಂತೆ ಲಾರಿ ಹತ್ತಿರುತ್ತಾರೆ. ಶಿಕ್ಷಣವನ್ನು ವಿಸ್ತರಿಸುವುದು ಎಂದರೆ ಕೊನೆಯ ಮಗುವಿನ ಮನೆಯ ಹೊಸ್ತಿಲಲ್ಲಿ ನಿಂತು, ಅಲ್ಲಿಂದ ತರಗತಿಯ ಚಾಪೆಯವರೆಗೆ ಏನೇನು ಅಡ್ಡ ಬರುತ್ತದೆ ಎಂದು ಎಣಿಸುವುದು. ಇಷ್ಟು ವರ್ಷದ ಕೆಲಸದಿಂದ ನಾನು ಕಲಿತದ್ದು ಅದನ್ನೇ.

ಚಾಪೆಗೆ ಬಂದು ಕೂತ ಮೇಲಿನ ಮಾತು ಬೇರೆಯೇ ಒಂದು ಪತ್ರಕ್ಕಾಗುವಷ್ಟಿದೆ. ದೇಶದ ಗ್ರಾಮೀಣ ಶಾಲೆಗಳಲ್ಲಿ 5ನೇ ತರಗತಿಯ ಸುಮಾರು ಅರ್ಧದಷ್ಟು ಮಕ್ಕಳಿಗೆ ಮಾತ್ರ 2ನೇ ತರಗತಿಯ ಪಾಠ ಓದಲು ಬರುತ್ತದೆ ಎಂದು ಮಕ್ಕಳ ಕಲಿಕೆಯನ್ನು ಅಳೆಯುವ 'ಅಸರ್' ಸಮೀಕ್ಷೆಗಳು ಮತ್ತೆ ಮತ್ತೆ ಹೇಳಿವೆ. ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಮಾತಾಡಿ ಬಂದು ಕನ್ನಡದಲ್ಲಿ ಪಾಠ ಕೇಳುತ್ತದೆ. ಖಾಲಿ ಹುದ್ದೆಗಳನ್ನು ಅತಿಥಿ ಶಿಕ್ಷಕರಿಂದ ತುಂಬುವಷ್ಟರಲ್ಲಿ ಶ್ರಾವಣ ಬಂದಿರುತ್ತದೆ. ಆದರೆ ದಾರಿ ಇಲ್ಲವೆಂದಲ್ಲ. 1995ರಲ್ಲಿ ಎಚ್.ಡಿ. ಕೋಟೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಒಬ್ಬರೇ ಶಿಕ್ಷಕರು ಹಲವು ತರಗತಿಗಳನ್ನು ಒಟ್ಟಿಗೆ ಕೂರಿಸಿ ಕಲಿಸುವ ವಿಧಾನ ನೋಡಿ ಬಂದು, ತಮ್ಮ ಕಾಡಂಚಿನ ಮಕ್ಕಳಿಗೆ ಹೊಂದುವಂತೆ ಕಾರ್ಡು, ಹಾಡು, ಕಲಿಕೆಯ ಮೆಟ್ಟಿಲು ರೂಪಿಸಿಕೊಂಡರು. ಅದೇ ನಲಿ-ಕಲಿ. 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ನನಗೆ ಅದರಲ್ಲಿ ಬಹಳ ಹಿಡಿಸಿದ್ದು ಒಂದು ಗುಣ: ಹದಿನೈದು ದಿನ ಗೈರಾದ ಮಗು ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಗುಳೆಯಿಂದ ಬಂದ ಮಗುವಿಗೆ "ಪಾಠ ಮುಂದೆ ಹೋಗಿದೆ, ನೀನು ಹಿಂದೆ ಉಳಿದೆ" ಎನ್ನದ ವ್ಯವಸ್ಥೆ ಅದು. ನಡೆಸುವವರ ಕೈಯಲ್ಲಿ ಅದು ಎಷ್ಟೋ ಕಡೆ ಸೊರಗಿತು ನಿಜ, ಆದರೆ ಅದರ ತಿರುಳು ಸರಿಯಾಗಿತ್ತು.

"ಓದಿದೋರೂ ಖಾಲಿ ಕುಂತಾರಲ್ಲ" ಎಂಬುದಕ್ಕೆ ಬರೋಣ. ನಿಮ್ಮ ತಂದೆ ಹೇಳಿದ್ದು ಸತ್ಯ, ಅದನ್ನು ತಳ್ಳಿಹಾಕಿ ನಾನು ಮುಂದೆ ಹೋಗಲಾರೆ. ಶಾಲೆ ಕೆಲಸ ಹುಟ್ಟಿಸುವುದಿಲ್ಲ, ಕೆಲಸ ಮಾಡಬಲ್ಲವರನ್ನು ಬೆಳೆಸುತ್ತದೆ. ವಿಶ್ವೇಶ್ವರಯ್ಯನವರು ಇದನ್ನು ಬಲ್ಲವರು. ಶಾಲೆಯ ಕಾಯಿದೆ ಬಂದ 1913ರಲ್ಲೇ ಮೈಸೂರು ಬ್ಯಾಂಕ್ ಶುರುವಾಯಿತು. ಅದರ ಹಿಂದೆಯೇ ಗಂಧದೆಣ್ಣೆಯ ಕಾರ್ಖಾನೆ, ಸಾಬೂನಿನ ಕಾರ್ಖಾನೆ, ಭದ್ರಾವತಿಯ ಕಬ್ಬಿಣದ ಕೆಲಸ. ಓದಿದ ಹುಡುಗನಿಗೆ ಹೋಗಲು ಒಂದು ಜಾಗ ಇತ್ತು. ಆ ಜಾಗಗಳೆಲ್ಲ ಒಂದೇ ಜಾತಿಯ ಕೈಗೆ ಹೋಗುತ್ತಿವೆ ಎಂಬ ಕೂಗು ಎದ್ದಾಗ 1918ರಲ್ಲಿ ಮಿಲ್ಲರ್ ಸಮಿತಿ ಬಂದು ಹಿಂದುಳಿದ ವರ್ಗಗಳಿಗೆ ಪಾಲು ಸಿಗಬೇಕೆಂದಿತು. ಓದು, ಉದ್ದಿಮೆ, ಪಾಲು ಈ ಮೂರೂ ಜೊತೆಜೊತೆಯಾಗಿ ಬಂದ ಕಡೆ ಓದಿಗೆ ಬೆಲೆ ಬಂದಿದೆ. ನಿಮ್ಮ ಜಿಲ್ಲೆಗೆ ಶಾಲೆಗಳು ತಡವಾಗಿಯಾದರೂ ಬಂದವು, ಉದ್ದಿಮೆ ಹಾಗೆ ಬರಲಿಲ್ಲ. ಆದ್ದರಿಂದಲೇ ಓದಿದವರು ಬೆಂಗಳೂರಿನ ಬಸ್ಸು ಹತ್ತುತ್ತಾರೆ ಅಥವಾ ನಿಮ್ಮ ಹಾಗೆ ಸರ್ಕಾರಿ ಹುದ್ದೆಯೊಂದನ್ನೇ ನಂಬಿ ವರ್ಷಗಟ್ಟಲೆ ಓದುತ್ತಾರೆ. ಇದಕ್ಕೆ ಪರಿಹಾರ ಉದ್ದಿಮೆ ತರುವುದು. ಶಾಲೆ ಕಡಿಮೆ ಮಾಡುವುದು ಅದಕ್ಕೆ ಔಷಧಿಯಾಗದು.

ಸ್ವತಂತ್ರ ಭಾರತವೂ ಇಲ್ಲೊಂದು ತಪ್ಪು ಮಾಡಿತು ಎಂದು ನನಗನಿಸುತ್ತದೆ. ಸಂವಿಧಾನದ 45ನೇ ವಿಧಿ ಹತ್ತು ವರ್ಷದೊಳಗೆ, ಅಂದರೆ 1960ರ ಹೊತ್ತಿಗೆ, 14 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ ಕಡ್ಡಾಯ ಶಿಕ್ಷಣ ಕೊಡಲು ಪ್ರಯತ್ನಿಸಬೇಕು ಎಂದಿತ್ತು. 1951ರಲ್ಲಿ ಖರಗಪುರದ ಐಐಟಿ ತೆರೆಯಿತು. ಆಗ ದೇಶದ ಸಾಕ್ಷರತೆ ಶೇ. 18ರ ಆಸುಪಾಸು, ಹೆಂಗಸರಲ್ಲಿ ಶೇ. 9ಕ್ಕೂ ಕಡಿಮೆ. ಐಐಟಿ ಬೇಡವಿತ್ತು ಎನ್ನುತ್ತಿಲ್ಲ, ಅಣೆಕಟ್ಟು ಕಟ್ಟಲು ಎಂಜಿನಿಯರುಗಳು ಬೇಕೇ ಬೇಕಿತ್ತು. ಆದರೆ ಶಿಖರಕ್ಕೆ ತೋರಿದ ಆತುರವನ್ನು ತಳಪಾಯಕ್ಕೆ ತೋರಲಿಲ್ಲ. ಹತ್ತು ವರ್ಷದ ಮಾತು ಹಕ್ಕಾಗಿ ಬದಲಾಗಲು 2002ರ ತಿದ್ದುಪಡಿ ಬರಬೇಕಾಯಿತು, ಕಾಯಿದೆಯಾಗಿ ಜಾರಿಯಾಗಲು 2010. ರಾಷ್ಟ್ರೀಯ ಆದಾಯದ ಶೇ. 6ರಷ್ಟನ್ನು ಶಿಕ್ಷಣಕ್ಕಿಡಿ ಎಂದು ಕೊಠಾರಿ ಆಯೋಗ 1966ರಲ್ಲಿ ಹೇಳಿತು, 2020ರ ಶಿಕ್ಷಣ ನೀತಿಯೂ ಅದೇ ಮಾತು ಬರೆದುಕೊಂಡಿದೆ. ನಡುವೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದಿದೆ, ಅಷ್ಟು ಹಣ ಒಂದು ವರ್ಷವೂ ಬರಲಿಲ್ಲ.

ಇನ್ನು ನಿಮ್ಮೂರ ಶಾಲೆಯನ್ನು ದೂರದ ದೊಡ್ಡ ಶಾಲೆಗೆ ಸೇರಿಸುವ ಮಾತು. ದೊಡ್ಡ ಶಾಲೆಯ ಪರವಾದ ವಾದ ಹುರುಳಿಲ್ಲದ್ದಲ್ಲ. ಹನ್ನೆರಡು ಮಕ್ಕಳು, ಒಬ್ಬರೇ ಶಿಕ್ಷಕರು, ಅವರೂ ತಿಂಗಳಲ್ಲಿ ಹತ್ತು ದಿನ ಮೀಟಿಂಗು, ಗಣತಿ, ಚುನಾವಣೆಯ ಕೆಲಸಕ್ಕೆ ಹೋಗುವವರು ಎಂದರೆ ಅಲ್ಲಿ ಕಲಿಕೆ ಆಗುವುದಿಲ್ಲ. ಒಂದರಿಂದ ಹನ್ನೆರಡರವರೆಗೆ ಒಂದೇ ಆವರಣದಲ್ಲಿರುವ ಕರ್ನಾಟಕ ಪಬ್ಲಿಕ್ ಶಾಲೆಯಲ್ಲಿ ಗಣಿತಕ್ಕೊಬ್ಬರು, ವಿಜ್ಞಾನಕ್ಕೊಬ್ಬರು ಶಿಕ್ಷಕರು ಸಿಗುತ್ತಾರೆ, ಮುಖ್ಯವಾಗಿ 7ರ ನಂತರ ಕಡಿದುಬೀಳುವ ಆ ದಾರಿ ಅಲ್ಲಿ ಕಡಿಯುವುದಿಲ್ಲ. ಆದರೂ ನನ್ನ ಅಭಿಪ್ರಾಯ ಖಚಿತ. 1ರಿಂದ 5ರವರೆಗಿನ ಶಾಲೆ ಮಕ್ಕಳು ನಡೆದು ಹೋಗುವಷ್ಟು ಹತ್ತಿರವೇ ಇರಬೇಕು, ಹತ್ತೇ ಮಕ್ಕಳಿದ್ದರೂ. 6ರಿಂದ ಮೇಲಿನವರನ್ನು ದೊಡ್ಡ ಶಾಲೆಗೆ ಸೇರಿಸುವುದಾದರೆ ಮೊದಲು ವಾಹನ ಓಡಬೇಕು. ಒಂದು ಇಡೀ ವರ್ಷ, ಮಳೆಗಾಲವೂ ಸೇರಿ, ಅದು ತಪ್ಪದೆ ಓಡಿದ ಮೇಲೆ ಹಳೆಯ ಶಾಲೆಯ ಮಾತೆತ್ತಲಿ. ಮೊದಲು ಬೀಗ ಹಾಕಿ ಆಮೇಲೆ ಬಸ್ಸಿನ ಮಾತಾಡಿದರೆ ಮೊದಲು ಮನೆಯಲ್ಲಿ ಉಳಿಯುವವರು ಯಾರೆಂದು ನಿಮಗೂ ಗೊತ್ತು, ನನಗೂ ಗೊತ್ತು.

ನಿಮ್ಮ ಕೈಯಲ್ಲಿ ಆಗುವ ಕೆಲಸಗಳೂ ಇವೆ. ಶಿಕ್ಷಣ ಹಕ್ಕಿನ ನಿಯಮದಂತೆ ಹಿರಿಯ ಪ್ರಾಥಮಿಕ ಹಂತ, ಅಂದರೆ 8ನೇ ತರಗತಿಯೂ, 3 ಕಿಲೋಮೀಟರ್ ಒಳಗಿರಬೇಕು. ನಿಮ್ಮೂರಿಗೆ 8ನೇ ತರಗತಿ ಮಂಜೂರು ಮಾಡಿ, ಆಗುವವರೆಗೆ ಸಾರಿಗೆ ಭತ್ಯೆ ಕೊಡಿ ಎಂದು ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿ ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿಗೆ ಅರ್ಜಿ ಬರೆಯಿರಿ. ಗ್ರಾಮ ಸಭೆಯಲ್ಲಿ ಠರಾವು ಮಾಡಿಸಿ ಅದರ ಪ್ರತಿಯನ್ನೂ ಲಗತ್ತಿಸಿ. "ನಮ್ಮೂರ ಮಕ್ಕಳಿಗೆ ತೊಂದರೆಯಾಗಿದೆ" ಎಂದಷ್ಟೇ ಬರೆದ ಅರ್ಜಿ ಕಡತದಲ್ಲಿ ಮಲಗುತ್ತದೆ. ಕಳೆದ ಐದು ವರ್ಷಗಳಲ್ಲಿ 7ನೇ ತರಗತಿ ಮುಗಿಸಿದ ಪ್ರತಿ ಮಗುವಿನ ಹೆಸರು, ಮುಂದೆ ಸೇರಿದ ಶಾಲೆ, ಸೇರದಿದ್ದರೆ ಕಾರಣ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಇಡಿ. ಹಾಜರಿ ಪುಸ್ತಕದ ಡಿಸೆಂಬರ್ ಮತ್ತು ಜನವರಿಯ ಪುಟಗಳ ನಕಲನ್ನೂ ಕೇಳಿ ಪಡೆಯಿರಿ. ಹೆಣ್ಣುಮಕ್ಕಳಿಗಾಗಿಯೇ ಇರುವ ಕಸ್ತೂರ್ಬಾ ಗಾಂಧಿ ಬಾಲಿಕಾ ವಿದ್ಯಾಲಯ ನಿಮ್ಮ ತಾಲ್ಲೂಕಿನಲ್ಲಿ ಎಲ್ಲಿದೆ, ಎಷ್ಟು ಸೀಟು ಖಾಲಿ ಎಂದು ಮೇ ತಿಂಗಳಲ್ಲೇ ವಿಚಾರಿಸಿ, ಜೂನ್ ಬರುವಷ್ಟರಲ್ಲಿ ತುಂಬಿಬಿಡುತ್ತವೆ. ಶಾಲೆ ಪಕ್ಕದಲ್ಲಿದ್ದರೂ ತಂಗಿಯನ್ನು ಹೊತ್ತು ನಿಲ್ಲುವ ಹುಡುಗಿ ನಿಮ್ಮೂರಲ್ಲೂ ಇದ್ದೇ ಇರುತ್ತಾಳೆ. ಕೂಸಿನ ಮನೆಯ ಬೇಡಿಕೆಯನ್ನು ಅದೇ ಗ್ರಾಮ ಸಭೆಯಲ್ಲಿ ಎತ್ತಿ.

ಕೊನೆಯದಾಗಿ ಆ ಏಳು ಜನ. ನಿಮ್ಮ ವಯಸ್ಸಿನವರೇ, ಹೆಚ್ಚಿನವರಿಗೆ ಮದುವೆಯಾಗಿ ಮಕ್ಕಳೂ ಇರಬಹುದು. ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಬರೆಯುವ ಅವಕಾಶ ಅವರಿಗೆ ಈಗಲೂ ಇದೆ. ಒಬ್ಬಳು ಪಾಸಾದರೂ ಅಂಗನವಾಡಿ ಸಹಾಯಕಿ, ಆಶಾ ಕೆಲಸಗಳ ಅರ್ಜಿ ನಮೂನೆ ಅವಳ ಕೈಗೆ ಬರುತ್ತದೆ. ಇಬ್ಬರ ಮನೆಗಾದರೂ ನೀವೇ ಹೋಗಿ ಮಾತಾಡಿ, ಪುಸ್ತಕ ನಿಮ್ಮ ಹತ್ತಿರ ಇದ್ದೇ ಇರುತ್ತವೆ. ಅರ್ಜಿಯ ಜೊತೆ ಓದಿದ ಶಾಲೆಯ ದಾಖಲೆ ಕೇಳುತ್ತಾರೆ. ಹೆಡ್ಮಾಸ್ತರರಿಗೆ ಬೀರು ತೆಗೆದು ನೋಡಲು ಹೇಳಿ, ಅವರ ಟಿ.ಸಿ. ಇನ್ನೂ ಅಲ್ಲೇ ಇರಬಹುದು.